ಲಿನಕ್ಸ್ ಹಾಕುವ ಮುನ್ನ ಡಿಸ್ಕ್ ಪಾಲು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಅಲ್ಲಿಂದೀಚೆ ಭಾನುವಾರ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬರುವವರ ಕೈಯಲ್ಲಿ ಸಿಹಿ ಡಬ್ಬಿಗಿಂತ ಹಳೇ ಲ್ಯಾಪ್‌ಟಾಪೇ ಜಾಸ್ತಿ. ಹೋಟೆಲಿನ ಗಲ್ಲಾದಲ್ಲಿ ಕೂತಿದ್ದದ್ದು, ಬ್ಯಾಂಕಿನಿಂದ ನಿವೃತ್ತರಾದ ಮಾವನದ್ದು, ಠಾಣೆಯಲ್ಲಿ ಡಿಪ್ಲೊಮಾ ಓದುವ ಹುಡುಗಿಯದ್ದು. ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕುವುದೇನೂ ದೊಡ್ಡ ಕೆಲಸವಲ್ಲ. ಆದರೆ ಡಿಸ್ಕ್ ಪಾಲು ಮಾಡುವ ಪರದೆ ಬಂದ ಕೂಡಲೇ ಎಲ್ಲರೂ ಮೌಸ್ ನನ್ನ ಕಡೆ ತಳ್ಳುತ್ತಾರೆ, ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಬರೆದಿಟ್ಟರೆ ನನ್ನ ಗಂಟಲಾದರೂ ಉಳಿದೀತು ಅಂತ ಇದು.

ಪಾರ್ಟಿಶನ್ ಮಾಡುವುದು, ಫಾರ್ಮ್ಯಾಟ್ ಮಾಡುವುದು ಎರಡೂ ಒಂದೇ ಅಲ್ಲವೇ?

ಅಲ್ಲ. ಊರಲ್ಲಿ ಅಣ್ಣತಮ್ಮಂದಿರು ಜಮೀನು ಹಿಸ್ಸೆ ಮಾಡಿಕೊಳ್ಳುವಾಗ ಪಾಲುಪಟ್ಟಿ ಬರೆಸುತ್ತಾರಲ್ಲ, ಈ ಬದುವಿನಿಂದ ಆ ಹುಣಸೆ ಮರದವರೆಗೆ ಹಿರಿಯವನದು, ಅಲ್ಲಿಂದಾಚೆ ಕಿರಿಯವನದು ಅಂತ, ಪಾರ್ಟಿಶನ್ ಟೇಬಲ್ ಅಂದರೆ ಅದೇ. ಡಿಸ್ಕಿನ ಮೊದಲಲ್ಲಿ ಕೂತಿರುವ ಪುಟ್ಟ ಪಟ್ಟಿ. ಯಾವ ಸೆಕ್ಟರಿನಿಂದ (ಡಿಸ್ಕಿನ ಪುಟ್ಟ ತುಂಡಿನಿಂದ) ಯಾವ ಸೆಕ್ಟರಿನವರೆಗೆ ಯಾವ ಪಾಲು ಅನ್ನುವುದಷ್ಟೇ ಅದರಲ್ಲಿರುತ್ತದೆ. ಫಾರ್ಮ್ಯಾಟ್ ಅಂದರೆ ಒಂದು ಪಾಲನ್ನು ಉತ್ತು, ಮಡಿ ಕಟ್ಟಿ, ಬಿತ್ತನೆಗೆ ಅಣಿ ಮಾಡುವುದು. ಕಡತಗಳ ಹೆಸರು ಎಲ್ಲಿರಬೇಕು, ಖಾಲಿ ಜಾಗದ ಲೆಕ್ಕ ಎಲ್ಲಿರಬೇಕು ಎಂಬುದೆಲ್ಲ ಆಗ ನಿಗದಿಯಾಗುತ್ತದೆ.

ಪಾಲುಪಟ್ಟಿ ಹರಿದು ಹಾಕಿದರೆ ಜಮೀನೇನೂ ಮಾಯವಾಗುವುದಿಲ್ಲ. ಹಾಗೆಯೇ ಪಾರ್ಟಿಶನ್ ಅಳಿಸಿದ ಮಾತ್ರಕ್ಕೆ ಒಳಗಿದ್ದದ್ದು ಅಳಿಯುವುದಿಲ್ಲ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಹಳೆಯ ಗಡಿ ಹುಡುಕಿ ಪಟ್ಟಿಯನ್ನು ಮತ್ತೆ ಬರೆದುಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಅದರ ಮೇಲೆ ಫಾರ್ಮ್ಯಾಟ್ ಆಗಿದ್ದರೆ ಕಷ್ಟ. ಫಾರ್ಮ್ಯಾಟ್ ಆದ ಮೇಲೆ ಹತ್ತು ಜಿಬಿ ಹೊಸದಾಗಿ ಬರೆದಿದ್ದರೆ, ಅದು ಕೂತ ಜಾಗದಲ್ಲಿದ್ದದ್ದು ಹೋಯಿತು ಅಂತಲೇ ತಿಳಿಯಿರಿ.

ಬ್ಯಾಕಪ್ ಬೇಕೇ ಬೇಕಾ? ಇರುವುದು ನಾಲ್ಕು ಫೋಟೊ.

ಆ ನಾಲ್ಕು ಫೋಟೊಗಾಗಿಯೇ ಬೇಕು. ನನ್ನ ಕಥೆ ಕೇಳಿ. ಭಾವನ ಮನೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಲು ಕೂತಿದ್ದೆ. ಒಳಗಿನ ಡಿಸ್ಕ್ 1 ಟಿಬಿ. ಬುದ್ಧಿವಂತನ ಹಾಗೆ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಇಳಿಸಿದೆ. ಅದೂ 1 ಟಿಬಿ, ಅದೇ ಕಂಪನಿಯದು. ಇಳಿಸಿ ಮುಗಿದ ಮೇಲೆ ಅದರ ಕೇಬಲ್ ಕೀಳಲಿಲ್ಲ. ಅಕ್ಕ ಚಹಾ ತಂದಿಟ್ಟಳು, ಮಾತಾಡುತ್ತಾ ಪರದೆಯಲ್ಲಿ ಎರಡರಲ್ಲಿ ಒಂದನ್ನು ಒತ್ತಿದೆ. ಒತ್ತಿದ್ದು ಬ್ಯಾಕಪ್ ಡಿಸ್ಕು. ಅದು ಗೊತ್ತಾಗದೆ, ಇನ್‌ಸ್ಟಾಲ್ ಸರಿಯಾಗಲಿಲ್ಲ ಅಂದುಕೊಂಡು ಎರಡನೆಯ ಸಲ ಇನ್ನೊಂದನ್ನೂ ಒತ್ತಿದೆ. ಗೃಹಪ್ರವೇಶದ ಫೋಟೊಗಳ ಎರಡೂ ಪ್ರತಿ ಅರ್ಧ ಗಂಟೆಯಲ್ಲಿ ಹೋದವು.

ಫೋಟೊರೆಕ್ ಎಂಬ ತಂತ್ರಾಂಶ ಎರಡು ರಾತ್ರಿ ಓಡಿ ಬಹುಪಾಲು ಫೋಟೊ ವಾಪಸ್ ತಂದಿತು. ಆದರೆ ಅದು ತರುವುದು ಚಿತ್ರವನ್ನು ಮಾತ್ರ, ಹೆಸರನ್ನಲ್ಲ, ಫೋಲ್ಡರನ್ನೂ ಅಲ್ಲ. ಸಾವಿರಾರು ಫೋಟೊ, ಎಲ್ಲಕ್ಕೂ ಎಫ್ ಅಕ್ಷರದ ಮುಂದೆ ಉದ್ದುದ್ದ ಅಂಕಿ. ಹೋಮದ ಹೊಗೆಯ ಪಕ್ಕದಲ್ಲಿ ಯಾರದೋ ವಾಟ್ಸಾಪ್ ಗುಡ್ ಮಾರ್ನಿಂಗ್ ಗುಲಾಬಿ. ಅಕ್ಕ ಇವತ್ತಿಗೂ ನಾನು ಅವರ ಮನೆಯ ಕಂಪ್ಯೂಟರ್ ಹತ್ತಿರ ಹೋದರೆ ಅಡುಗೆಮನೆಯಿಂದ ಎದ್ದು ಬರುತ್ತಾಳೆ.

ಹಾಗಾಗಿ ಬ್ಯಾಕಪ್ ತೆಗೆಯಿರಿ, ಎರಡು ಫೈಲ್ ತೆರೆದು ನೋಡಿ, ಆಮೇಲೆ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ.

ಎರಡು ಮೂರು ಡಿಸ್ಕ್ ತೋರಿಸುತ್ತಿದೆ, ನನ್ನದು ಯಾವುದು?

ವಿಂಡೋಸಿನ ಸಿ, ಡಿ ಇಲ್ಲಿಲ್ಲ. ಸಾಟಾ ಎಂಬ ಹಳೇ ಜೋಡಣೆಯ ಡಿಸ್ಕು ಮತ್ತು ಪೆನ್‌ಡ್ರೈವ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಹೆಸರು. ಅವುಗಳ ಪಾಲುಗಳಿಗೆ ಎಸ್‌ಡಿಎ1, ಎಸ್‌ಡಿಎ2. ಹೊಸ ಎನ್‌ವಿಎಂಇ ಡಿಸ್ಕಾದರೆ ಹೆಸರು ಎನ್‌ವಿಎಂಇ ಎಂದೇ ಶುರುವಾಗಿ, ಪಾಲುಗಳ ಕೊನೆಗೆ ಪಿ1, ಪಿ2 ಅಂತ ಬರುತ್ತದೆ. ಇವು ಪತ್ತೆಯಾದ ಕ್ರಮದಲ್ಲಿ ಕೊಟ್ಟ ಹೆಸರು. ಇವತ್ತಿನ ಎಸ್‌ಡಿಎ ನಾಳೆ ಎಸ್‌ಡಿಬಿ ಆಗಬಹುದು. ಹೆಸರನ್ನು ನಂಬಬೇಡಿ, ಗಾತ್ರ ಮತ್ತು ಮಾಡೆಲ್ ನಂಬರ್ ನೋಡಿ. ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆಯೇ, ಶುರು ಮಾಡಿದ ಮೇಲೆ, ಇನ್‌ಸ್ಟಾಲ್ ಗುಂಡಿ ಒತ್ತುವ ಮೊದಲು, ಡಿಸ್ಕ್ಸ್ ಎಂಬ ತಂತ್ರಾಂಶ ತೆರೆಯಿರಿ. ಅದರಲ್ಲಿ ಪ್ರತಿ ಡಿಸ್ಕಿನ ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಸಿಗುತ್ತದೆ. ಚೀಟಿಯಲ್ಲಿ ಬರೆದುಕೊಳ್ಳಿ.

ಅಲ್ಲೇ ಡಿಸ್ಕಿನ ಆರೋಗ್ಯದ ವರದಿಯೂ ಇದೆ, ಸ್ಮಾರ್ಟ್ ಅನ್ನುತ್ತಾರೆ. ಹಳೆಯ ತಿರುಗುವ ಡಿಸ್ಕಿನಲ್ಲಿ ರೀಅಲೊಕೇಟೆಡ್ ಸೆಕ್ಟರ್, ಅಂದರೆ ಕೆಟ್ಟು ಬದಲಿ ಕೊಟ್ಟ ಜಾಗಗಳ ಸಂಖ್ಯೆ ಸೊನ್ನೆ ಬಿಟ್ಟು ಏರುತ್ತಿದ್ದರೆ, ಪಾಲು ಮಾಡುವ ಶ್ರಮ ಬಿಡಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕು, ತನ್ನಿ. ಬಿಲ್ ಕೇಳಿ ತನ್ನಿ, ಬಿಲ್ಲಿಲ್ಲದೆ ವಾರಂಟಿ ಕೇಳಲು ಹೋಗಿ ಬರಿಗೈಯಲ್ಲಿ ಬಂದವನು ನಾನು.

1 ಟಿಬಿ ಕೊಂಡೆ, 931 ಜಿಬಿ ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನಾ?

ಇಲ್ಲ. ಕಂಪನಿಯವರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ 107 ಕೋಟಿ ಚಿಲ್ಲರೆ ಎಂದು ಎಣಿಸುತ್ತದೆ. 500 ಇದ್ದದ್ದು 465, 240 ಇದ್ದದ್ದು 223. ಇನ್‌ಸ್ಟಾಲರಿನಲ್ಲಿ ಡಿಸ್ಕ್ ಗುರುತಿಸುವಾಗ ಈ ವ್ಯತ್ಯಾಸ ನೆನಪಿರಲಿ.

ಎಂಬಿಆರ್, ಜಿಪಿಟಿ ಎಂದು ಕೇಳುತ್ತದೆ. ಯಾವುದು?

ಜಿಪಿಟಿ. ಎರಡೂ ಪಾಲುಪಟ್ಟಿ ಬರೆಯುವ ಬಗೆಗಳು. ಕಾರಣ ಬೇಕಿದ್ದವರು ಮುಂದೆ ಓದಿ.

ಎಂಬಿಆರ್ 1983ರ ಪಿಸಿ ಡಾಸ್ 2.0 ಕಾಲದ್ದು. ಡಿಸ್ಕಿನ ಮೊದಲ 512 ಬೈಟಿನೊಳಗೇ ಸಂಸಾರ. ಅದರಲ್ಲಿ 446 ಬೈಟ್ ಬೂಟ್ ಮಾಡುವ, ಅಂದರೆ ಯಂತ್ರ ಶುರು ಮಾಡುವ, ಸಂಕೇತಕ್ಕೆ, ಕೊನೆಯ ಎರಡು ಬೈಟ್ ಗುರುತಿಗೆ, ಉಳಿದ 64 ಪಾಲುಪಟ್ಟಿಗೆ. ಒಂದೊಂದು ಪಾಲಿನ ವಿವರಕ್ಕೆ 16 ಬೈಟ್, ಆದ್ದರಿಂದ ನಾಲ್ಕೇ ಪಾಲು. ಐದನೆಯ ಮಗ ಹುಟ್ಟಿದಾಗ ಒಂದು ಪಾಲನ್ನು ಎಕ್ಸ್‌ಟೆಂಡೆಡ್ ಎಂದು ಕರೆದು ಅದರೊಳಗೆ ಲಾಜಿಕಲ್ ಪಾಲುಗಳನ್ನು ಮಾಡುವ ಉಪಾಯ ಹುಡುಕಿದರು. ಹಳೇ ಯಂತ್ರಗಳಲ್ಲಿ ಎಸ್‌ಡಿಎ2ರ ನಂತರ ನೇರ ಎಸ್‌ಡಿಎ5 ಕಂಡು ಮೂರು ನಾಲ್ಕು ಎಲ್ಲಿ ಹೋದವು ಅಂತ ಗಾಬರಿಯಾಗುತ್ತಾರಲ್ಲ, ಇದೇ ಕಾರಣ. ಲಾಜಿಕಲ್ ಪಾಲುಗಳ ಎಣಿಕೆ ಐದರಿಂದಲೇ ಶುರು. ಸಾಮಾನ್ಯ ಡಿಸ್ಕಿನಲ್ಲಿ 2 ಟಿಬಿಗಿಂತ ಆಚೆಯ ಜಾಗವನ್ನು ಎಂಬಿಆರ್ ಹಂಚಲಾರದು.

ಜಿಪಿಟಿಯಲ್ಲಿ ಮಾಮೂಲಿಯಾಗಿ 128 ಪಾಲಿಗೆ ಜಾಗ. ಅದಕ್ಕಿಂತ ಮುಖ್ಯ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಮೊದಲಿನದು ಕೆಟ್ಟರೂ ಅದರಿಂದ ಸರಿಮಾಡಬಹುದು. ಯಂತ್ರ ಶುರು ಮಾಡುವ ಹೊಸ ಕ್ರಮವಾದ ಯುಇಎಫ್‌ಐ ಇಲ್ಲದ, ಹಳೇ ಬಯೋಸ್ ಮಾತ್ರ ಇರುವ ಯಂತ್ರಕ್ಕೆ ಎಂಬಿಆರ್ ಸಾಕು.

ಒಂದು ಎಚ್ಚರ: ಪಟ್ಟಿ ಹೊಸದಾಗಿ ಬರೆಯುವುದೆಂದರೆ ಡಿಸ್ಕಿನ ಅಷ್ಟೂ ಪಾಲು ರದ್ದು. ವಿಂಡೋಸ್ ಉಳಿಸಿಕೊಳ್ಳುವವರು ಹೊಸ ಪಟ್ಟಿಯ ಆಯ್ಕೆಗೆ ಕೈಹಾಕಬಾರದು.

ಎಷ್ಟು ಪಾಲು ಮಾಡಲಿ? ಯಾವುದಕ್ಕೆ ಎಷ್ಟು ಜಿಬಿ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ಸಲಹೆ ಸಿಗುವ ಪ್ರಶ್ನೆಯೂ ಇದೇ. ಹಳೆಯ ಪುಸ್ತಕಗಳನ್ನು ನೋಡಿದವರು ಲಿನಕ್ಸಿನ ಒಂದೊಂದು ಫೋಲ್ಡರಿಗೂ ಬೂಟ್ ಬೇರೆ, ವಾರ್ ಬೇರೆ, ಟೆಂಪ್ ಬೇರೆ, ಯುಎಸ್‌ಆರ್ ಬೇರೆ ಎಂದು ಏಳೆಂಟು ಗೋಡೆ ಎಬ್ಬಿಸುತ್ತಾರೆ. ಕಾಲೇಜಿನ ಸರ್ವರಿಗೆ ಅದಕ್ಕೊಂದು ಅರ್ಥ ಇದ್ದೀತು. ಮನೆಯ ಲ್ಯಾಪ್‌ಟಾಪಿಗೆ ಹಾಗೆ ಮಾಡುವುದು ಚಾಳಿನ ಒಂದೇ ಖೋಲಿಯಲ್ಲಿ ದೇವರಕೋಣೆ, ಉಗ್ರಾಣ, ಪಡಸಾಲೆ ಎಲ್ಲಕ್ಕೂ ಪ್ಲೈವುಡ್ ಗೋಡೆ ಹಾಕಿದ ಹಾಗೆ. ಒಂದರಲ್ಲಿ ಕಾಲು ಚಾಚಲಾಗದು, ಪಕ್ಕದ್ದರಲ್ಲಿ ಜಾಗ ಖಾಲಿ.

ಮಾಟುಂಗದ ಒಬ್ಬ ಹೋಟೆಲಿನವರ ಲ್ಯಾಪ್‌ಟಾಪಿಗೆ ಮೊನ್ನೆ ನಾನು ಮಾಡಿದ್ದು ಇಷ್ಟು. 500 ಜಿಬಿಯ ಹಳೇ ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಹಾಕಿದೆವು. ಮೊದಲ ಪಾಲು 512 ಎಂಬಿ, ಫ್ಯಾಟ್32 ಫಾರ್ಮ್ಯಾಟ್, ಯುಇಎಫ್‌ಐ ಬೂಟಿಗೆ. ಎರಡನೆಯದು 70 ಜಿಬಿ, ಇಎಕ್ಸ್‌ಟಿ4 ಫಾರ್ಮ್ಯಾಟ್, ರೂಟ್. ಲಿನಕ್ಸೂ ತಂತ್ರಾಂಶಗಳೂ ಕೂರುವ ಜಾಗ. ಮಿಕ್ಕಿದ್ದೆಲ್ಲ ಹೋಮ್, ಅದೂ ಇಎಕ್ಸ್‌ಟಿ4. ಅವರ ಬಿಲ್ಲು, ಫೋಟೊ, ಯಕ್ಷಗಾನದ ಆಡಿಯೊ. ಮೂರೇ ಪಾಲು.

ಹೋಮ್ ಬೇರೆ ಇದ್ದರೆ ಲಾಭ ಇದು: ಮುಂದೆ ಲಿನಕ್ಸ್ ಹೊಸದಾಗಿ ಹಾಕಬೇಕಾದಾಗ ರೂಟನ್ನು ಮಾತ್ರ ಫಾರ್ಮ್ಯಾಟ್ ಮಾಡಿ, ಹೋಮಿನ ಮುಂದೆ ಫಾರ್ಮ್ಯಾಟ್ ಟಿಕ್ ತೆಗೆದರಾಯಿತು, ಕಡತಗಳು ಇದ್ದಲ್ಲೇ ಇರುತ್ತವೆ. 128 ಜಿಬಿಯ ಸಣ್ಣ ಡಿಸ್ಕಾದರೆ ಹೋಮ್ ಬೇರ್ಪಡಿಸಬೇಡಿ, ಒಂದೇ ಪಾಲಿರಲಿ.

ರೂಟಿಗೆ 20 ಜಿಬಿ ಸಾಕು ಅಂತ ಯಾರೋ ಹೇಳಿರುತ್ತಾರೆ. ಲಿನಕ್ಸಿನ ಬಗೆಗಳಾದ ಮಿಂಟಿಗೆ ಕನಿಷ್ಠ 20, ಉಬುಂಟು 24.04ಕ್ಕೆ 25 ಎಂದು ಇರುವುದು ನಿಜ. ಅದು ಕಾಲಿಡಲು ಬೇಕಾದ ಜಾಗ, ಸಂಸಾರ ಮಾಡಲು ಅಲ್ಲ. ಫ್ಲ್ಯಾಟ್‌ಪ್ಯಾಕ್ ಎಂಬ ಕಟ್ಟಿನಲ್ಲಿ ಬರುವ ತಂತ್ರಾಂಶಗಳು ಕೂರುವುದು ರೂಟಿನಲ್ಲಿ. ವ್ಯವಸ್ಥೆಯ ಹಿಂದಿನ ಸ್ಥಿತಿ ಕಾದಿಡುವ ಟೈಮ್‌ಶಿಫ್ಟ್ ಕಾಪಿಗಳೂ ನೀವು ಬೇರೆ ಜಾಗ ಹೇಳದಿದ್ದರೆ ಅಲ್ಲಿಗೇ ಬರುತ್ತವೆ. ಆರು ತಿಂಗಳಲ್ಲಿ ರೂಟ್ ತುಂಬಿ, ಲಾಗಿನ್ ಪರದೆಯಲ್ಲೇ ಸುತ್ತುತ್ತಾ ನಿಂತ ಲ್ಯಾಪ್‌ಟಾಪುಗಳು ನನ್ನ ಹತ್ತಿರ ಬಂದಿವೆ. 60ಕ್ಕಿಂತ ಕಡಿಮೆ ಕೊಡಬೇಡಿ.

ಸ್ವಾಪ್? ರ್‍ಯಾಮಿನ ಎರಡರಷ್ಟು ಅಂತ ಹೇಳುತ್ತಾರೆ.

ರ್‍ಯಾಮ್ 256 ಎಂಬಿ ಇದ್ದ ಕಾಲದ ಮಾತದು. ಸ್ವಾಪ್ ಅಂದರೆ ರ್‍ಯಾಮ್ ತುಂಬಿದಾಗ ಅದರಲ್ಲಿದ್ದದ್ದನ್ನು ಇಳಿಸಿಡುವ ಡಿಸ್ಕಿನ ಜಾಗ. ಉಬುಂಟು 17.04ರಿಂದ ಸ್ವಾಪಿಗೆ ಪಾಲೇ ಬೇಡ ಎಂದು ರೂಟಿನೊಳಗೆ ಒಂದು ಫೈಲ್ ಮಾಡಿಕೊಳ್ಳುತ್ತಿದೆ. ಅದೇ ಅನುಕೂಲ, ಬೇಕಾದಾಗ ಹಿಗ್ಗಿಸಿ ಕುಗ್ಗಿಸಬಹುದು. ಹೈಬರ್ನೇಟ್ ಬೇಕೆನ್ನುವವರು ಮಾತ್ರ ರ್‍ಯಾಮಿನಷ್ಟು, ಕೊಂಚ ಜಾಸ್ತಿಯೇ, ಸ್ವಾಪ್ ಪಾಲು ಇಟ್ಟುಕೊಳ್ಳಿ, ಏಕೆಂದರೆ ರ್‍ಯಾಮಿನಲ್ಲಿದ್ದದ್ದೆಲ್ಲ ಹೋಗಿ ಮಲಗುವುದು ಅಲ್ಲೇ.

ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್, ಎಕ್ಸ್‌ಎಫ್‌ಎಸ್. ಯಾವುದರಲ್ಲಿ ಫಾರ್ಮ್ಯಾಟ್ ಮಾಡಲಿ?

ಗೊತ್ತಿಲ್ಲದಿದ್ದರೆ ಇಎಕ್ಸ್‌ಟಿ4. 2008ರ ಕೊನೆಗೆ ಬಂದ ಲಿನಕ್ಸಿನ ತಿರುಳಾದ ಕರ್ನೆಲ್ 2.6.28ರಿಂದ ಪಕ್ವವೆಂದು ಎನಿಸಿಕೊಂಡದ್ದು, ಏನಾದರೂ ಕೆಟ್ಟರೆ ಸರಿಪಡಿಸುವ ಸಾಧನಗಳೂ ಚೆನ್ನಾಗಿ ಪಳಗಿವೆ. ಬಿಟಿಆರ್‌ಎಫ್‌ಎಸ್ ಇದ್ದರೆ ಕ್ಷಣದಲ್ಲಿ ಸ್ನ್ಯಾಪ್‌ಶಾಟ್ ತೆಗೆದು, ಅಪ್‌ಡೇಟ್ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಹೋಗಬಹುದು. ಇನ್ನೊಂದು ಬಗೆಯ ಲಿನಕ್ಸಾದ ಫೆಡೋರಾ ವರ್ಕ್‌ಸ್ಟೇಷನ್ 2020ರ 33ನೇ ಆವೃತ್ತಿಯಿಂದ ಅದನ್ನೇ ಮಾಮೂಲಿ ಮಾಡಿಕೊಂಡಿದೆ. ಎಕ್ಸ್‌ಎಫ್‌ಎಸ್ ದೊಡ್ಡ ಸರ್ವರುಗಳಿಗೆ ಗಟ್ಟಿ, ಆದರೆ ಒಮ್ಮೆ ಮಾಡಿದ ಪಾಲನ್ನು ಚಿಕ್ಕದು ಮಾಡಲಾಗುವುದಿಲ್ಲ. ಒಂದು ಬಿಎಚ್‌ಕೆಯಲ್ಲಿ ಇಂಥ ಹಟ ಮಾಡುವವರ ಜೊತೆ ಬಾಳುವುದು ಕಷ್ಟ.

ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿದ ಮೇಲೆ ಇನ್ನೊಂದು ದೂರು ಬರುತ್ತದೆ: ಖಾಲಿ ಡಿಸ್ಕಿನಲ್ಲೂ ಜಾಗ ಕಡಿಮೆ ತೋರಿಸುತ್ತದೆ ಅಂತ. ಅದು ಶೇಕಡಾ 5ನ್ನು ಯಂತ್ರದ ಯಜಮಾನನಾದ ರೂಟ್ ಎಂಬ ಬಳಕೆದಾರನಿಗೆ (ಇದು ರೂಟ್ ಪಾಲಲ್ಲ) ಕಾದಿರಿಸುತ್ತದೆ, ಡಿಸ್ಕ್ ತುಂಬಿದರೂ ಯಂತ್ರ ಉಸಿರಾಡಲಿ ಎಂದು. ರೂಟ್ ಪಾಲಿಗೆ ಅದು ಸರಿ. ಬರೀ ಫೋಟೊ ಇಡುವ 1 ಟಿಬಿ ಡಿಸ್ಕಿನಲ್ಲಿ 50 ಜಿಬಿ ಸುಮ್ಮನೆ ಬಿಡುವುದು ದಂಡ. ಟ್ಯೂನ್2ಎಫ್‌ಎಸ್ ಆದೇಶದಿಂದ ಶೇಕಡಾ 1ಕ್ಕೆ ಇಳಿಸಬಹುದು.

ವಿಂಡೋಸೂ ಇರಲಿ, ಲಿನಕ್ಸೂ ಇರಲಿ. ಹೇಗೆ?

ಟ್ಯಾಲಿ ಬಳಸುವ ಅಂಗಡಿಯವರು ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ಕ್ರಮ ತಪ್ಪಬಾರದು, ಅಷ್ಟೇ.

ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ನಿಮ್ಮನ್ನು ಕೇಳದೆಯೇ ಆನ್ ಆಗಿರಬಹುದು. ಬೂಟ್ ವ್ಯವಸ್ಥೆ ಬದಲಾದದ್ದು ಕಂಡರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ಕೂರುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊದಲೇ ಬರೆದುಕೊಳ್ಳಿ. ಮನೆಯ ಯಂತ್ರವಾದರೆ ಬಿಟ್‌ಲಾಕರ್ ಆಫ್ ಮಾಡಿ ಮುಂದುವರಿಯುವುದೇ ಸಲೀಸು.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ವಿಂಡೋಸ್ ಶಟ್‌ಡೌನ್ ಆದಂತೆ ನಟಿಸುತ್ತದೆ, ನಿಜಕ್ಕೂ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸಿನಿಂದ ಅದರ ಪಾಲು ತೆರೆದರೆ ಓದಲು ಮಾತ್ರ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆಯಿರಿ.

ಮೂರನೆಯದು ಜಾಗ ಬಿಡಿಸುವುದು. ವಿಂಡೋಸಿನ ಪಾಲನ್ನು ವಿಂಡೋಸಿನಿಂದಲೇ ಕುಗ್ಗಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಮೇಲೆ ಬಲ ಒತ್ತಿ, ಶ್ರಿಂಕ್ ವಾಲ್ಯೂಮ್. 200 ಜಿಬಿ ಖಾಲಿ ಇದ್ದರೂ 12 ಜಿಬಿ ಮಾತ್ರ ಬಿಡುತ್ತೇನೆ ಎನ್ನಬಹುದು. ನಡುವೆ ಕದಲದ ಫೈಲುಗಳು ಕೂತಿರುತ್ತವೆ, ತುಂಬಿದ ಲೋಕಲ್ ರೈಲಿನ ಬಾಗಿಲಲ್ಲಿ ನಿಂತ ಮನುಷ್ಯನ ಹಾಗೆ. ಹೈಬರ್ನೇಟ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಕೇಳಿ. ಸಿಕ್ಕ ಜಾಗವನ್ನು ಅನ್‌ಅಲೊಕೇಟೆಡ್ ಆಗಿಯೇ ಬಿಡಿ. ಅದಕ್ಕೆ ಡಿ ಡ್ರೈವ್ ಎಂದು ಹೆಸರಿಡಬೇಡಿ, ಆ ಖಾಲಿ ಜಾಗವನ್ನೇ ಲಿನಕ್ಸ್ ಹುಡುಕುವುದು.

ಇನ್‌ಸ್ಟಾಲರಿನಲ್ಲಿ 100 ಎಂಬಿಯ ಪುಟ್ಟ ಪಾಲೊಂದು ಕಾಣುತ್ತದೆ. ಅಳಿಸಿಬಿಡಲಾ?

ಬೇಡ! ಅದು ಇಎಫ್‌ಐ ಪಾಲು, ವಿಂಡೋಸಿನ ಬಾಗಿಲ ಬೀಗ ಇರುವುದು ಅಲ್ಲೇ. ಲಿನಕ್ಸ್ ತನ್ನ ಬೂಟ್ ಫೈಲುಗಳನ್ನು ಅದರಲ್ಲೇ ಪಕ್ಕದ ಫೋಲ್ಡರಿನಲ್ಲಿ ಇಡುತ್ತದೆ. ಅದನ್ನು ಇಎಫ್‌ಐ ಎಂದು ಆರಿಸಿ, ಫಾರ್ಮ್ಯಾಟ್ ಟಿಕ್ ಮಾಡದೆ ಬಿಡಿ. ಅದರ ನೆರೆಯ 16 ಎಂಬಿಯ ಪಾಲನ್ನೂ, ಕೊನೆಯಲ್ಲಿರುವ ರಿಕವರಿ ಪಾಲನ್ನೂ ಮುಟ್ಟಬೇಡಿ.

ಡಿಸ್ಕೇ ಕಾಣುತ್ತಿಲ್ಲ, ಪೆನ್‌ಡ್ರೈವ್ ಮಾತ್ರ ಕಾಣುತ್ತಿದೆ.

ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಬಯೋಸಿನ ಸ್ಟೋರೇಜ್ ಸೆಟ್ಟಿಂಗ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂದಿರುತ್ತದೆ. ಎಎಚ್‌ಸಿಐಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. ವಿಂಡೋಸ್ ಇದ್ದರೆ ಹಾಗೇ ಬದಲಿಸಬೇಡಿ, ನೀಲಿ ಪರದೆ ಬರುತ್ತದೆ. ಮೊದಲು ವಿಂಡೋಸನ್ನು ಸೇಫ್ ಮೋಡಿನಲ್ಲಿ ಶುರುವಾಗುವಂತೆ ಹೊಂದಿಸಿ, ಬಯೋಸಿನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ತೆರೆದು, ಆಮೇಲೆ ಮಾಮೂಲಿಗೆ ತನ್ನಿ.

ಎಷ್ಟು ಹೊತ್ತು ಹಿಡಿಯುತ್ತದೆ? ನಡುವೆ ಕರೆಂಟು ಹೋದರೆ?

ಪಟ್ಟಿ ಬರೆಯುವುದು, ಇಎಕ್ಸ್‌ಟಿ4 ಫಾರ್ಮ್ಯಾಟ್, ಎರಡೂ ಸೆಕೆಂಡುಗಳ ಮಾತು. ಇಷ್ಟು ಬೇಗ ಹೇಗಾಯಿತು ಎಂದು ಅನುಮಾನ ಬೇಡ. ಉಳಿದ ಕೆಲಸವನ್ನು ಅದು ಮೊದಲ ಸಲ ಮೌಂಟ್ ಆದ, ಅಂದರೆ ಬಳಕೆಗೆ ತೆರೆದ, ಮೇಲೆ ಹಿನ್ನೆಲೆಯಲ್ಲಿ ಮಾಡಿಕೊಳ್ಳುತ್ತದೆ, ತಿರುಗುವ ಡಿಸ್ಕಿನ ದೀಪ ಸುಮ್ಮನೆ ಮಿಟುಕುತ್ತಿರುವುದು ಅದಕ್ಕೇ. ಅಪಾಯ ಇರುವುದು ತುಂಬಿದ ಪಾಲಿನ ಆರಂಭವನ್ನು ಎಡಕ್ಕೋ ಬಲಕ್ಕೋ ಸರಿಸುವಾಗ. ಪಾಲು ಮಾಡುವ ತಂತ್ರಾಂಶ ಜಿಪಾರ್ಟೆಡ್ ಆಗ ಒಳಗಿನ ಮಾಹಿತಿಯನ್ನೆಲ್ಲ ಒಂದೊಂದಾಗಿ ಹೊತ್ತು ಸಾಗಿಸುತ್ತದೆ, ಗಂಟೆಗಟ್ಟಲೆ. ನಡುವೆ ಕರೆಂಟು ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪಿನಲ್ಲಿ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಪುಣೆಯವರಿಗೆ ಗುರುವಾರ ಕರೆಂಟು ತೆಗೆಯುವ ವಿಷಯ ನಾನು ಹೇಳಬೇಕಿಲ್ಲ.

ಹಳೇ ಡಿಸ್ಕ್ ಮಾರಬೇಕು. ಫಾರ್ಮ್ಯಾಟ್ ಮಾಡಿ ಕೊಟ್ಟರೆ ಸಾಕಾ?

ಸಾಲದು, ಮೇಲಿನ ಫೋಟೊರೆಕ್ ಕಥೆ ನೆನಪಿಸಿಕೊಳ್ಳಿ. ತಿರುಗುವ ಡಿಸ್ಕಾದರೆ ಇಡೀ ಡಿಸ್ಕಿಗೆ ಒಂದು ಸಲ ಸೊನ್ನೆ ಬರೆಯಿರಿ. 500 ಜಿಬಿಗೆ, ಸೆಕೆಂಡಿಗೆ 100 ಎಂಬಿ ಹಿಡಿದರೂ, ಒಂದೂವರೆ ಗಂಟೆ ಬೇಕು. ಡಿಸ್ಕ್ಸ್ ತಂತ್ರಾಂಶದಲ್ಲೇ ಆ ಆಯ್ಕೆ ಇದೆ. ಎಸ್‌ಎಸ್‌ಡಿಗೆ ಅದರೊಳಗೇ ಇರುವ, ಪೂರ್ತಿ ಅಳಿಸುವ ಆದೇಶವಾದ ಸೆಕ್ಯೂರ್ ಇರೇಸ್ ಬಳಸಿ.

ವಿಂಡೋಸಿನಲ್ಲಿದ್ದ ಕನ್ನಡ ಹೆಸರಿನ ಫೈಲುಗಳು ಕಾಪಿ ಆಗುತ್ತಿಲ್ಲ, ಹೆಸರು ಉದ್ದವಾಯಿತು ಅನ್ನುತ್ತದೆ!

ಈ ಪ್ರಶ್ನೆ ಕೇಳಿದ್ದು ಭಜನೆ ಮಂಡಳಿಯ ಹಿರಿಯರೊಬ್ಬರು, ನಾನೂ ಮೊದಲ ಸಲ ತಲೆ ಕೆರೆದುಕೊಂಡೆ. ಇಎಕ್ಸ್‌ಟಿ4ನಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ವಿಂಡೋಸಿನ ಎನ್‌ಟಿಎಫ್‌ಎಸ್ ಮಿತಿಯೂ 255ರದ್ದೇ, ಆದರೆ ಅದು ಎಣಿಸುವುದು ಚಿಹ್ನೆಗಳನ್ನು, ಬೈಟುಗಳನ್ನಲ್ಲ. ಲಿನಕ್ಸ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು. ಚಿಹ್ನೆ ಅಂದರೆ ಅಕ್ಷರವೂ ಅಲ್ಲ: ‘ಮುಂಬೈ’ ನಮಗೆ ಎರಡಕ್ಷರ, ಯಂತ್ರಕ್ಕೆ ಮ, ಕೊಂಬು, ಸೊನ್ನೆ, ಬ, ಐತ್ವ ಸೇರಿ ಐದು, ಅಂದರೆ 15 ಬೈಟ್. ಹೀಗೆ ಕನ್ನಡದಲ್ಲಿ ಸಿಗುವುದು 85 ಚಿಹ್ನೆ. ಆ ಹಿರಿಯರು ರಾಗ, ತಾಳ, ಹಾಡಿದವರು, ದಿನಾಂಕ, ಸ್ಥಳ, ಹಾರ್ಮೋನಿಯಂ ಯಾರದು ಎಂಬುದನ್ನೂ ಫೈಲಿನ ಹೆಸರಿನಲ್ಲೇ ಬರೆಯುತ್ತಿದ್ದರು. ಹೆಸರು ಚಿಕ್ಕದು ಮಾಡುವುದೊಂದೇ ದಾರಿ. ಎರಡು ಭಾನುವಾರ ಕೂತು ಮಾಡಿದೆವು, ನಡುನಡುವೆ ಹಾಡೂ ಕೇಳಿದೆವು.

ನೀವೇ ಮಾಡಿಕೊಡುತ್ತೀರಾ?

ಮೆಗಾಬ್ಲಾಕ್, ಅಂದರೆ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವುದು, ಇಲ್ಲದ ಭಾನುವಾರ ಬನ್ನಿ. ಚಾರ್ಜರ್, ಬಿಟ್‌ಲಾಕರ್ ಕೀ, ಬ್ಯಾಕಪ್ ಮೂರೂ ಜೊತೆಗಿರಲಿ. ಬ್ಯಾಕಪ್ ಇಲ್ಲದೆ ಬಂದವರಿಗೆ ಚಹಾ ಕೊಟ್ಟು ಕಳಿಸುತ್ತೇನೆ. ಅಕ್ಕನ ಆಣೆ.